ಸಲಹೆ ಕೊಟ್ಟವರ ಪಾಲು

2022ರ ಫೆಬ್ರವರಿ 21ರಂದು ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ರಷ್ಯಾದ ಭದ್ರತಾ ಮಂಡಳಿಯ ಸಭೆ ನಡೆಯಿತು. ಸರಿಯಾಗಿ ಒಂದು ತಿಂಗಳ ನಂತರ, ಮಾರ್ಚ್ 21ರಂದು, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಒಂದು ಶವಪೆಟ್ಟಿಗೆ ಬಂದಿಳಿಯಿತು. ಅದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ, ರಾಣೆಬೆನ್ನೂರು ತಾಲ್ಲೂಕಿನ ಹುಡುಗನದು. ಮಾರ್ಚ್ 1ರಂದು ತಿನ್ನಲು ಏನಾದರೂ ತರೋಣವೆಂದು ಹೊರಬಂದು ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸಿಕ್ಕಿ ಸತ್ತಿದ್ದ. ಊರಿನಲ್ಲಿ ವಿಧಿಗಳು ಮುಗಿದ ಮೇಲೆ ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ವೈದ್ಯನಾಗಿ ಹಿಂತಿರುಗಬೇಕಾಗಿದ್ದವನು ವೈದ್ಯರಾಗುವವರಿಗೆ ಪಾಠವಾಗಿ ತುಂಗಭದ್ರೆಯ ಸೇತುವೆ ದಾಟಿ, ಹರಿಹರದ ಮಗ್ಗುಲಿನ ಹೆದ್ದಾರಿಯಲ್ಲಿ ದಾವಣಗೆರೆಗೆ ಬಂದ.

ಆ ಶೆಲ್ ಹಾರಿಸಿದ ಸೈನಿಕ ಯಾರೆಂದು ನಮಗೆ ಗೊತ್ತಾಗುವುದಿಲ್ಲ. ಯುದ್ಧ ನಡೆಯಲಿ ಎಂದು ಅಪ್ಪಣೆ ಕೊಟ್ಟವರು ಯಾರೆಂದು ಎಲ್ಲರಿಗೂ ಗೊತ್ತು. ಇವರಿಬ್ಬರ ನಡುವೆ ಇನ್ನೂ ಕೆಲವರಿದ್ದರು. ಫೆಬ್ರವರಿ 21ರ ಆ ಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಬಂದು ಹೌದು ಎಂದವರು. ಈ ಸಾವಿನಲ್ಲಿ ಅವರ ಪಾಲೆಷ್ಟು? ಯುದ್ಧದ ಪರವಾಗಿ ಸಲಹೆ ಕೊಡುವುದು ಬರಿಯ ಮಾತೇ, ಅಥವಾ ಅದೂ ಒಂದು ಕೃತ್ಯವೇ?

ಆ ಸಭೆಯನ್ನು ಚಿತ್ರೀಕರಿಸಿ ಟಿವಿಯಲ್ಲಿ ತೋರಿಸಿದ್ದರಿಂದ ಈ ಪ್ರಶ್ನೆ ನಮಗೆ ಅಪರೂಪದ ಸ್ಪಷ್ಟತೆಯಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಇಂಥ ಸಭೆಗಳ ಕಡತಗಳನ್ನು ನೋಡಲು ಮೂವತ್ತು ನಲವತ್ತು ವರ್ಷ ಕಾಯಬೇಕು. ಇಲ್ಲಿ ಅಧ್ಯಕ್ಷ ಪುಟಿನ್ ದೊಡ್ಡ ಸಭಾಂಗಣದ ಒಂದು ತುದಿಯಲ್ಲಿ ಮೇಜಿನ ಹಿಂದೆ ಕೂತಿದ್ದರು. ಬಹು ದೂರದಲ್ಲಿ ಅರ್ಧವೃತ್ತವಾಗಿ ಹಾಕಿದ ಕುರ್ಚಿಗಳಲ್ಲಿ ಮಂತ್ರಿಗಳು, ಬೇಹುಗಾರಿಕೆಯ ಮುಖ್ಯಸ್ಥರು. ಯುಕ್ರೇನಿನ ಎರಡು ಪ್ರಾಂತ್ಯಗಳನ್ನು ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಬೇಕೇ ಎಂಬುದಷ್ಟೇ ಅಂದು ಕೇಳಿದ ಪ್ರಶ್ನೆ. ವಿದೇಶಿ ಬೇಹುಗಾರಿಕೆಯ ಮುಖ್ಯಸ್ಥ ಸೆರ್ಗೆಯ್ ನರಿಶ್ಕಿನ್, ಪಶ್ಚಿಮದ ದೇಶಗಳಿಗೆ ಕೊನೆಯ ಅವಕಾಶವೊಂದನ್ನು ಕೊಡಬಹುದು ಎಂಬ ಧಾಟಿಯಲ್ಲಿ ಶುರು ಮಾಡಿದರು. ಪುಟಿನ್ ನಡುವೆಯೇ ತಡೆದು, ನೇರವಾಗಿ ಹೇಳಿ ಎಂದರು. ನರಿಶ್ಕಿನ್ ತಡವರಿಸಿದರು, ಬೆಂಬಲಿಸುತ್ತೇನೆ ಎಂಬುದನ್ನು ಭವಿಷ್ಯತ್ ಕಾಲದಲ್ಲಿ ಹೇಳಲೋ ವರ್ತಮಾನದಲ್ಲಿ ಹೇಳಲೋ ತಿಳಿಯದೆ ಒದ್ದಾಡಿದರು. ಕೊನೆಗೆ ಕೇಳದೇ ಇದ್ದುದಕ್ಕೂ ಒಪ್ಪಿಗೆ ಕೊಟ್ಟು, ಆ ಪ್ರಾಂತ್ಯಗಳು ರಷ್ಯಾಕ್ಕೆ ಸೇರಲಿ ಎಂದುಬಿಟ್ಟರು. ನಾವು ಅದರ ಬಗ್ಗೆ ಮಾತನಾಡುತ್ತಿಲ್ಲ ಎಂದು ಪುಟಿನ್ ಅವರನ್ನೇ ತಿದ್ದಬೇಕಾಯಿತು.

ಆ ದೃಶ್ಯವನ್ನು ಜಗತ್ತು ನಗೆಯಾಗಿ ನೋಡಿತು. ಮೂರು ದಿನಗಳಲ್ಲಿ, ಫೆಬ್ರವರಿ 24ರಂದು, ಸೇನೆ ಗಡಿ ದಾಟಿತು. ಅಂದು ಹೌದು ಎಂದವರಿಗೆ ಒಂದು ಸಮರ್ಥನೆ ಸಿದ್ಧವಾಗಿಯೇ ಇದೆ: ನಮ್ಮನ್ನು ಕೇಳಿದ್ದು ಮಾನ್ಯತೆಯ ಬಗ್ಗೆ, ಯುದ್ಧದ ಬಗ್ಗೆ ಅಲ್ಲ. ಯುದ್ಧಕ್ಕೆ ಸಲಹೆ ಕೊಡುವವರನ್ನು ಸಾಧಾರಣವಾಗಿ ಯಾರೂ ಯುದ್ಧ ಮಾಡೋಣವೇ ಎಂದು ಕೇಳುವುದಿಲ್ಲ. ಒಂದು ಮಾನ್ಯತೆ, ಒಂದು ಗಡುವು, ಸೇನೆಯ ಒಂದು ಜಮಾವಣೆ, ಹೀಗೆ ಸಣ್ಣ ಸಣ್ಣ ಹೌದುಗಳನ್ನೇ ಕೇಳುತ್ತಾರೆ. ಪ್ರತಿಯೊಂದನ್ನೂ ಬಿಡಿಯಾಗಿ ನೋಡಿದರೆ ಯುದ್ಧ ಎಂಬ ಹೆಸರು ಅದಕ್ಕೆ ಹೊಂದುವುದಿಲ್ಲ. ಒಟ್ಟಿಗೆ ನೋಡಬೇಕಾದ್ದು ಸಲಹೆಗಾರನ ಕಸುಬು. ಈ ಹೆಜ್ಜೆಯ ಮುಂದಿನ ಹೆಜ್ಜೆ ಯಾವುದು ಎಂದು ಹೇಳುವುದಕ್ಕೇ ಅವನಿಗೆ ಸಂಬಳ.

ಕನ್ನಡ ನಾಡಿನಲ್ಲಿ ಈ ಕಸುಬಿಗೆ ಹಳೆಯ ಹೆಸರೊಂದಿತ್ತು. ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿ ಬರುತ್ತಾನೆ. ಇಂದು ವಿಗ್ರಹ ಎಂದರೆ ನಮಗೆ ದೇವರ ಮೂರ್ತಿ; ಅಲ್ಲಿ ಅದರ ಅರ್ಥ ಯುದ್ಧ, ಸಂಧಿ ಎಂದರೆ ಒಪ್ಪಂದ. ಎರಡನ್ನೂ ನೋಡಿಕೊಳ್ಳುವವನು ಸಂಧಿವಿಗ್ರಹಿ. ಇಂದಿನ ವಿದೇಶಾಂಗ ಇಲಾಖೆ ಎಂಬ ಹೆಸರಿಗಿಂತ ಅದು ಪ್ರಾಮಾಣಿಕ. ಆ ಕುರ್ಚಿಯಲ್ಲಿ ಕೂತವನ ಕೈಯಲ್ಲಿ ಯುದ್ಧವೂ ಇದೆ ಎಂಬುದನ್ನು ಬಚ್ಚಿಡುವುದಿಲ್ಲ.

ಆ ಕಾಲದ ಮಂತ್ರಿಗಳು ಬಹುಮಟ್ಟಿಗೆ ದಂಡನಾಯಕರೂ ಆಗಿದ್ದರು. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದ ಪೊಲಾಳ್ವ, ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಥನೂ ಆಗಿದ್ದವನು. ದಂಡೆತ್ತಿ ಹೋಗೋಣ ಎಂದು ಆಸ್ಥಾನದಲ್ಲಿ ಹೇಳಿದವನೇ ದಂಡಿನ ಮುಂದೆ ಕುದುರೆ ಏರಬೇಕಿತ್ತು. ಹಳೇಬೀಡಿನಲ್ಲಿರುವ ಕುವರ ಲಕ್ಷ್ಮನ ಕಂಬ ಇನ್ನೂ ಮುಂದಿನದನ್ನು ಹೇಳುತ್ತದೆ. ಇಮ್ಮಡಿ ಬಲ್ಲಾಳನ ಮಂತ್ರಿಯಾಗಿದ್ದ ಆತ, ದೊರೆಯೊಂದಿಗೆ ಸಾಯುವುದಾಗಿ ಪ್ರತಿಜ್ಞೆ ಮಾಡಿದ ಗರುಡರಲ್ಲಿ ಒಬ್ಬ. ದೊರೆ ತೀರಿಕೊಂಡಾಗ ಹೆಂಡತಿ ಮತ್ತು ಸಂಗಡಿಗರೊಂದಿಗೆ ತಾನೂ ಪ್ರಾಣ ಬಿಟ್ಟ.

ಇದನ್ನು ಆದರ್ಶವೆಂದು ಹೊಗಳಬೇಕಾಗಿಲ್ಲ. ಗರುಡನ ನಿಷ್ಠೆ ದೊರೆಗೆ ಸಂದದ್ದು. ದಂಡು ಹಾದುಹೋದ ಊರಿನ ಒಕ್ಕಲಿಗೆ ಅದರಿಂದ ಏನೂ ದಕ್ಕಲಿಲ್ಲ. ತನ್ನ ಪ್ರಾಣವನ್ನು ಪಣಕ್ಕಿಟ್ಟವನ ಸಲಹೆ ನ್ಯಾಯವಾದ ಸಲಹೆಯೇ ಆಗಿರಬೇಕೆಂದೂ ಇಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಯುದ್ಧದ ಬೆಲೆಯಲ್ಲಿ ಒಂದು ಪಾಲು ಸಲಹೆ ಕೊಟ್ಟವನ ತಲೆಯ ಮೇಲೂ ಬೀಳುತ್ತಿತ್ತು. ನಮ್ಮ ಕಾಲದ ಸಲಹೆಗಾರ ಹವಾನಿಯಂತ್ರಿತ ಕೋಣೆಯಿಂದ ಹೊರಬಂದು ಮನೆಗೆ ಹೋಗುತ್ತಾನೆ. ಯುದ್ಧ ಕೆಟ್ಟರೆ ಆತ್ಮಕಥೆ ಬರೆಯುತ್ತಾನೆ. ಮೈಮೇಲೆ ಬೀಳದ ಈ ಬೆಲೆಯನ್ನು ಕಾನೂನಾದರೂ ವಸೂಲು ಮಾಡಬಲ್ಲುದೇ?

ಎರಡನೆಯ ಮಹಾಯುದ್ಧದ ನಂತರ ಅಂಥ ಒಂದು ಪ್ರಯತ್ನ ನಡೆಯಿತು. ನ್ಯೂರೆಂಬರ್ಗ್ ನ್ಯಾಯಮಂಡಳಿಯ ಸನದು ಆಕ್ರಮಣಕಾರಿ ಯುದ್ಧದ ಯೋಜನೆ, ಸಿದ್ಧತೆ, ಆರಂಭ, ನಿರ್ವಹಣೆ ಎಲ್ಲವನ್ನೂ ಶಾಂತಿಯ ವಿರುದ್ಧದ ಅಪರಾಧ ಎಂದು ಕರೆಯಿತು. ಬಂದೂಕು ಹಿಡಿಯದಿದ್ದ ವಿದೇಶಾಂಗ ಮಂತ್ರಿ ರಿಬೆನ್‌ಟ್ರಾಪ್ 1946ರ ಅಕ್ಟೋಬರ್ 16ರಂದು ನೇಣುಗಂಬ ಏರಿದ. ಟೋಕಿಯೋದಲ್ಲಿ ಜಪಾನಿನ ಮಾಜಿ ವಿದೇಶಾಂಗ ಮಂತ್ರಿ ಹಿರೋಟಾಗೂ 1948ರಲ್ಲಿ ಅದೇ ಗತಿಯಾಯಿತು. ಅಲ್ಲಿ ಕೂತಿದ್ದ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಮಾತ್ರ ಭಿನ್ನ ತೀರ್ಪು ಬರೆದು, ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದರು. ಕೃತ್ಯ ನಡೆದಾಗ ಇಲ್ಲದಿದ್ದ ಕಾನೂನಿನಿಂದ ಶಿಕ್ಷಿಸಬಾರದು ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಗೆದ್ದವರು ಸೋತವರ ವಿಚಾರಣೆ ಮಾಡುವುದರಲ್ಲಿರುವ ಪೇಚನ್ನು ಪಾಲ್ ಎತ್ತಿ ತೋರಿಸಿದರು. ಅದು ಇಂದಿಗೂ ಬಗೆಹರಿದಿಲ್ಲ.

ನಮ್ಮ ಪ್ರಶ್ನೆಗೆ ಇವರಿಗಿಂತ ಹತ್ತಿರದವನು ಮಂತ್ರಿಯಲ್ಲದ ಒಬ್ಬ ಅಧಿಕಾರಿ. ಅರ್ನ್‌ಸ್ಟ್ ಫಾನ್ ವೈಟ್ಸೆಕರ್ 1938ರಿಂದ 1943ರವರೆಗೆ ಜರ್ಮನಿಯ ವಿದೇಶಾಂಗ ಇಲಾಖೆಯ ಕಾರ್ಯದರ್ಶಿ. ಒಳಗಿದ್ದುಕೊಂಡೇ ಹಿಟ್ಲರನ ಯುದ್ಧವನ್ನು ತಡೆಯಲು ಯತ್ನಿಸಿದೆ ಎಂಬುದು ಅವನ ವಾದ. ಅದರಲ್ಲಿ ಒಂದಿಷ್ಟು ನಿಜವೂ ಇತ್ತು. 1949ರ ಏಪ್ರಿಲ್‌ನಲ್ಲಿ ನ್ಯಾಯಮಂಡಳಿ ಅವನಿಗೆ ಏಳು ವರ್ಷ ಸಜೆ ವಿಧಿಸಿತು. ಅದೇ ವರ್ಷದ ಕೊನೆಗೆ ಶಾಂತಿಯ ವಿರುದ್ಧದ ಅಪರಾಧದ ತೀರ್ಪನ್ನು ರದ್ದು ಮಾಡಿ ಸಜೆಯನ್ನು ಐದು ವರ್ಷಕ್ಕಿಳಿಸಿತು. ಉಳಿದುಕೊಂಡದ್ದು ಮಾನವತೆಯ ವಿರುದ್ಧದ ಅಪರಾಧ. 1942ರಲ್ಲಿ ಫ್ರಾನ್ಸಿನಿಂದ ಆರು ಸಾವಿರ ಯಹೂದಿಗಳನ್ನು ಆಶ್‌ವಿಟ್ಸ್‌ಗೆ ಸಾಗಿಸುವ ಬಗ್ಗೆ ಅಭಿಪ್ರಾಯ ಕೇಳಿ ವಿದೇಶಾಂಗ ಇಲಾಖೆಗೆ ಕಡತ ಬಂದಿತ್ತು. ಆಕ್ಷೇಪಣೆ ಇಲ್ಲ ಎಂಬ ಉತ್ತರ ಹೋಯಿತು. ಅದಕ್ಕೆ ಅವನ ಸಹಿಯಿತ್ತು.

ಆಕ್ಷೇಪಣೆ ಇಲ್ಲ ಎಂಬುದು ನಮ್ಮ ಕಚೇರಿಗಳಿಗೆ ಚಿರಪರಿಚಿತ ಮಾತು. ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿದವನು ತಾನು ಏನನ್ನೂ ಮಾಡಲಿಲ್ಲವೆಂದೇ ತಿಳಿಯುತ್ತಾನೆ; ಬೇರೆಯವರು ಮಾಡುವುದಕ್ಕೆ ಅಡ್ಡ ಬರಲಿಲ್ಲ, ಅಷ್ಟೆ. ಆ ಪತ್ರವಿಲ್ಲದೆ ಕೆಲಸ ಮುಂದೆ ಹೋಗುತ್ತಿರಲಿಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಡತ ಅವನ ಮೇಜಿಗೆ ಬಂದದ್ದೇ ಅವನ ಮಾತಿಗೆ ತೂಕವಿದೆ ಎಂಬ ಕಾರಣಕ್ಕೆ. ಬೇಡ ಎನ್ನಲು ಅಧಿಕಾರವಿರುವವನ ಬಾಯಲ್ಲಿ ಆಕ್ಷೇಪಣೆ ಇಲ್ಲ ಎಂಬುದೂ ಒಂದು ಕೃತ್ಯ.

ಜರ್ಮನಿಯ ಸೇನಾಧಿಪತಿಗಳ ಮೊಕದ್ದಮೆಯಲ್ಲಿ 1948ರಲ್ಲಿ ಇದೇ ತತ್ತ್ವಕ್ಕೆ ಒಂದು ಅಳತೆ ಸಿಕ್ಕಿತು. ಆರೋಪಿಯ ಹುದ್ದೆ ಏನು ಎಂಬುದು ಮುಖ್ಯವಲ್ಲ, ದೇಶದ ನೀತಿಯನ್ನು ರೂಪಿಸುವ ಅಥವಾ ಅದರ ಮೇಲೆ ಪ್ರಭಾವ ಬೀರುವ ಶಕ್ತಿ ಅವನಿಗಿತ್ತೇ ಎಂಬುದು ಮುಖ್ಯ ಎಂದು ನ್ಯಾಯಾಧೀಶರು ಹೇಳಿದರು. ಈ ಅಳತೆಯೊಳಗೆ ಸಲಹೆಗಾರ ಬರುತ್ತಾನೆ. ಪ್ರಭಾವ ಬೀರುವುದೇ ಅವನ ಕೆಲಸ.

ಅರವತ್ತೆರಡು ವರ್ಷಗಳ ಮೇಲೆ, 2010ರಲ್ಲಿ, ಉಗಾಂಡಾದ ಕಂಪಾಲಾದಲ್ಲಿ ದೇಶಗಳು ಸೇರಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕಾಗಿ ಆಕ್ರಮಣದ ಅಪರಾಧವನ್ನು ವ್ಯಾಖ್ಯಾನಿಸಿದಾಗ ಈ ಅಳತೆ ಬದಲಾಯಿತು. ದೇಶದ ರಾಜಕೀಯ ಅಥವಾ ಸೇನಾ ಕ್ರಮವನ್ನು ಪರಿಣಾಮಕಾರಿಯಾಗಿ ನಿಯಂತ್ರಿಸುವ ಅಥವಾ ನಿರ್ದೇಶಿಸುವ ಸ್ಥಾನದಲ್ಲಿರುವವನು ಮಾತ್ರ ಅಪರಾಧಿ. ನೆರವು ನೀಡಿದವರಿಗೂ ಇದೇ ಷರತ್ತು ಅನ್ವಯಿಸುತ್ತದೆ. ಪ್ರಭಾವ ಎಂಬ ಪದ ಹೋಗಿ ನಿಯಂತ್ರಣ ಎಂಬ ಪದ ಬಂತು. ಕಳ್ಳತನಕ್ಕೆ ದಾರಿ ತೋರಿಸಿದವನನ್ನು ಹಿಡಿಯಲು ಯಾವ ಊರಿನ ಪೊಲೀಸ್ ಠಾಣೆಯಲ್ಲಾದರೂ ಕಲಮುಗಳಿವೆ. ಯುದ್ಧಕ್ಕೆ ದಾರಿ ತೋರಿಸಿದವನಿಗೆ ಬಾಗಿಲು ತೆರೆದೇ ಇದೆ. ಇನ್ನೊಂದು ತಡೆಯೂ ಇದೆ: ಸದಸ್ಯರಲ್ಲದ ದೇಶಗಳ ಪ್ರಜೆಗಳ ಮೇಲೆ ಈ ಅಪರಾಧಕ್ಕಾಗಿ ಆ ನ್ಯಾಯಾಲಯ ಸಾಮಾನ್ಯವಾಗಿ ವಿಚಾರಣೆ ನಡೆಸುವಂತಿಲ್ಲ. ರಷ್ಯಾ, ಅಮೆರಿಕ, ಚೀನಾ, ಭಾರತ ಯಾವುವೂ ಸದಸ್ಯರಲ್ಲ. ಈ ಕೊರತೆಯನ್ನು ತುಂಬಲೆಂದೇ 2025ರ ಜೂನ್ 25ರಂದು ಯುಕ್ರೇನ್ ಮತ್ತು ಯುರೋಪ್ ಪರಿಷತ್ತು ವಿಶೇಷ ನ್ಯಾಯಮಂಡಳಿಯೊಂದಕ್ಕೆ ಸಹಿ ಹಾಕಿದವು.

ಹೀಗೆ ಜವಾಬ್ದಾರಿ ಎಲ್ಲೋ ಸೋರಿಹೋಗುತ್ತದೆ. ನನಗೆ ಹಾಗೆ ಸಲಹೆ ಸಿಕ್ಕಿತ್ತು ಎನ್ನುತ್ತಾನೆ ಆಳುವವನು. ನಾನು ಹೇಳಿದೆ ಅಷ್ಟೆ, ನಿರ್ಧಾರ ಅವರದು ಎನ್ನುತ್ತಾನೆ ಸಲಹೆಗಾರ. ಇಬ್ಬರ ಮಾತೂ ನಿಜವೇ. ಎರಡು ನಿಜಗಳ ನಡುವಿನ ಸಂದಿಯಲ್ಲಿ ಸತ್ತವನ ಸಾವಿಗೆ ವಾರಸುದಾರರಿಲ್ಲದಂತಾಗುತ್ತದೆ.

ಹಾಗಾದರೆ ಕಾನೂನನ್ನು ಬಿಗಿ ಮಾಡಿ ಸಲಹೆಗಾರರನ್ನೆಲ್ಲ ಕಟಕಟೆಗೆ ತರಬೇಕೇ? ಇದಕ್ಕೆ ಎದುರಾಗಿ ಗಟ್ಟಿಯಾದ ವಾದವೊಂದಿದೆ. ಸಲಹೆ ಬಿಚ್ಚುಮನಸ್ಸಿನದಾಗಿರಬೇಕು. ಹೇಳಿದ ಪ್ರತಿ ಮಾತಿಗೂ ಶಿಕ್ಷೆಯ ಭಯವಿದ್ದರೆ ಯಾರೂ ಸ್ಪಷ್ಟವಾಗಿ ಮಾತನಾಡುವುದಿಲ್ಲ. ಅತ್ತಲೂ ಇತ್ತಲೂ ಅರ್ಥವಾಗುವ ಟಿಪ್ಪಣಿಗಳಷ್ಟೇ ಉಳಿಯುತ್ತವೆ. ಅಲ್ಲದೆ ತಪ್ಪು ಅಂದಾಜು ಅಪರಾಧವಲ್ಲ. ನಮ್ಮ ದೇಶದ್ದೇ ಉದಾಹರಣೆ ಇದೆ. 1961ರ ನವೆಂಬರ್‌ನಲ್ಲಿ ಗಡಿಯಲ್ಲಿ ಮುಂದೆ ಹೋಗಿ ಠಾಣೆಗಳನ್ನು ಹಾಕುವ ನೀತಿಯನ್ನು ದೆಹಲಿ ಒಪ್ಪಿದಾಗ, ಚೀನಾ ಬಲ ಪ್ರಯೋಗಿಸಲಾರದು ಎಂಬ ಗುಪ್ತಚರ ಇಲಾಖೆಯ ಮುಖ್ಯಸ್ಥ ಬಿ.ಎನ್. ಮಲ್ಲಿಕ್ ಅವರ ಅಂದಾಜು ಅದರ ಬೆನ್ನಿಗಿತ್ತು. 1962ರ ಅಕ್ಟೋಬರ್ 20ರಂದು ಆ ಅಂದಾಜು ಸುಳ್ಳಾಯಿತು. ಅದಕ್ಕಾಗಿ ಅವರನ್ನು ಜೈಲಿಗೆ ಹಾಕಬೇಕಿತ್ತೆಂದು ಯಾರೂ ಹೇಳಲಾರರು.

ಆದ್ದರಿಂದ ಗೆರೆ ಎಳೆಯಬೇಕಾದ್ದು ಸರಿ ಸಲಹೆ, ತಪ್ಪು ಸಲಹೆಗಳ ನಡುವೆ ಅಲ್ಲ. ತನಗೆ ತಿಳಿದದ್ದನ್ನು ಹೇಳಿದವನು ಒಂದು ಕಡೆ. ಒಡೆಯನ ಮುಖ ನೋಡಿ ಮಾತು ಕತ್ತರಿಸಿ ಹೊಲಿದವನು ಇನ್ನೊಂದು ಕಡೆ. ಮೊದಲನೆಯವನು ಎಡವಿದರೂ ಅವನ ಕೆಲಸ ಮಾಡಿದ್ದಾನೆ. ಎರಡನೆಯವನು ಸಲಹೆಯನ್ನೇ ಕೊಟ್ಟಿಲ್ಲ; ಒಡೆಯನ ಆಸೆಗೆ ಸಾಕ್ಷಿ ಹಾಕಿದ್ದಾನೆ. ನರಿಶ್ಕಿನ್ ತಡವರಿಸಿದ್ದು ಅವರ ಮನಸ್ಸಿನಲ್ಲಿ ಬೇರೊಂದು ಮಾತಿತ್ತು ಎಂಬುದಕ್ಕೆ ಗುರುತು. ಆ ಮಾತನ್ನು ನುಂಗಿದ ಕ್ಷಣ ಟಿವಿಯಲ್ಲಿ ದಾಖಲಾಗಿದೆ.

ಸಲಹೆ ಕೇಳುವ ಕ್ರಮದಲ್ಲೇ ಈ ಗೆರೆಯನ್ನು ಕಾಯಬೇಕೆಂದು ತಿಳಿದಿದ್ದವನು ಕೌಟಿಲ್ಯ. ಅವನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಮುದ್ರಣವಾದದ್ದು 1909ರಲ್ಲಿ. ದಯೆಯ ಪುಸ್ತಕವಲ್ಲ ಅದು. ಅಂಥದ್ದರಲ್ಲೂ ದೊರೆ ಮೂರು ನಾಲ್ಕು ಮಂತ್ರಿಗಳೊಂದಿಗೆ ಆಲೋಚಿಸಬೇಕು, ಅವರನ್ನು ಬೇರೆಬೇರೆಯಾಗಿಯೂ ಒಟ್ಟಾಗಿಯೂ ಕೇಳಬೇಕು, ಅಭಿಪ್ರಾಯದೊಂದಿಗೆ ಕಾರಣವನ್ನೂ ತಿಳಿಯಬೇಕು ಎಂಬ ವಿಧಿ ಇದೆ. ಒಬ್ಬೊಬ್ಬನನ್ನೇ ಕೇಳಿದರೆ ಅವನವನ ನಿಜ ಹೊರಬರುತ್ತದೆ. ಎಲ್ಲರೆದುರು ಕ್ಯಾಮೆರಾ ಹಚ್ಚಿ ಕೇಳಿದರೆ ಹೊರಬರುವುದು ಭಯ. ಸಂಧಿ ಮತ್ತು ವಿಗ್ರಹಗಳಿಂದ ಸಮನಾದ ಲಾಭವಿದ್ದರೆ ಸಂಧಿಯನ್ನೇ ಹಿಡಿಯಬೇಕು ಎಂದೂ ಅವನು ಹೇಳುತ್ತಾನೆ. ಯುದ್ಧದಲ್ಲಿ ನಾಶವಿದೆ, ಖರ್ಚಿದೆ, ಮನೆಯಿಂದ ದೂರ ಹೋಗುವುದಿದೆ, ಕೆಡುಕಿದೆ. ಪುಣ್ಯಪಾಪದ ಗೊಡವೆಯಿಲ್ಲದೆ ಬರಿ ಲೆಕ್ಕ ಹಾಕುವವನಿಗೂ ಯುದ್ಧ ಮೊದಲ ಆಯ್ಕೆಯಾಗಲಿಲ್ಲ.

ಕೇಳುವವನು ಸರಿಯಾಗಿ ಕೇಳದಿದ್ದಾಗ ಸಲಹೆಗಾರನಿಗೆ ಉಳಿಯುವುದೇನು? ಕನ್ನಡಿಗರು ಭಾರತ ಕಥೆಯಲ್ಲಿ, ಯಕ್ಷಗಾನದಲ್ಲಿ ಕಂಡಿರುವ ವಿದುರ ಸಂಧಿಯ ಮಾತನ್ನು ಮತ್ತೆ ಮತ್ತೆ ಹೇಳಿ, ಕೌರವ ಹೀಯಾಳಿಸಿದಾಗ ತನ್ನ ಬಿಲ್ಲನ್ನೇ ಮುರಿದು ಹಾಕುತ್ತಾನೆ. ಅದೇ ಸಭೆಯ ಭೀಷ್ಮ ತನಗೆ ತಿಳಿದದ್ದನ್ನು ಹೇಳುತ್ತಾನೆ, ಆದರೆ ಬಿಲ್ಲು ಹಿಡಿದು ಸೇನೆಯ ಮುಂದೆ ನಿಲ್ಲುತ್ತಾನೆ. ಹೇಳುವವರೆಗೆ ಇಬ್ಬರೂ ಒಂದೇ. ಹೇಳಿದ ಮೇಲೆ ಕೈ ಏನು ಮಾಡಿತು ಎಂಬುದರಲ್ಲಿ ಬೇರೆಯಾಗುತ್ತಾರೆ.

2003ರ ಮಾರ್ಚ್‌ನಲ್ಲಿ ಬ್ರಿಟನ್ ಇರಾಕ್ ಯುದ್ಧಕ್ಕೆ ಇಳಿಯುವಾಗ ಅಲ್ಲಿನ ವಿದೇಶಾಂಗ ಇಲಾಖೆಯ ಕಾನೂನು ವಿಭಾಗದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಭದ್ರತಾ ಮಂಡಳಿಯ ಹೊಸ ನಿರ್ಣಯವಿಲ್ಲದೆ ಯುದ್ಧ ಕಾನೂನುಬಾಹಿರ ಎಂದು ಇಲಾಖೆಯ ಕಾನೂನು ಸಲಹೆಗಾರ ಮೈಕಲ್ ವುಡ್ ಬರೆದು ಕೊಟ್ಟಿದ್ದರು. ಮಂತ್ರಿ ಜಾಕ್ ಸ್ಟ್ರಾ ಅದನ್ನು ಒಪ್ಪಲಿಲ್ಲ. ಉಪ ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ರಾಜೀನಾಮೆ ಕೊಟ್ಟು ಹೊರನಡೆದರು. ಯುದ್ಧ ನಿಲ್ಲಲಿಲ್ಲ. ಆದರೆ ವಿಚಾರಣಾ ಸಮಿತಿ 2016ರಲ್ಲಿ ಚಿಲ್ಕಾಟ್ ವರದಿಯನ್ನು ಪ್ರಕಟಿಸುವ ಹೊತ್ತಿಗೆ ಆ ಕಾಗದಗಳು ಹೊರಬಂದಿದ್ದವು. ಯಾರಿಗೆ ಏನು ತಿಳಿದಿತ್ತು ಎಂಬುದನ್ನು ತೋರಿಸಿದವು. ನಮಗೆ ಯಾರೂ ಹೇಳಿರಲಿಲ್ಲ ಎಂದು ಅಧಿಕಾರದಲ್ಲಿದ್ದವರು ಹೇಳುವಂತಿರಲಿಲ್ಲ. ಲಿಖಿತ ಭಿನ್ನಮತದ ಪ್ರಯೋಜನ ಇದು: ಯುದ್ಧ ತಡೆಯಲಾಗದಿದ್ದರೂ ಅಜ್ಞಾನದ ಸೋಗನ್ನು ತಡೆಯುತ್ತದೆ.

ನಮ್ಮಲ್ಲಿ ಈ ಕಾಗದಗಳು ಹೊರಬರುವ ದಾರಿ ಇಕ್ಕಟ್ಟಾದದ್ದು. ಮಂತ್ರಿಗಳು ರಾಷ್ಟ್ರಪತಿಗೆ ಕೊಟ್ಟ ಸಲಹೆ ಏನೆಂದು ಯಾವ ನ್ಯಾಯಾಲಯವೂ ವಿಚಾರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 74(2)ನೇ ವಿಧಿ. ಮಾಹಿತಿ ಹಕ್ಕು ಕಾಯ್ದೆ ಸಂಪುಟದ ಕಡತಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ವಿಷಯ ಪೂರ್ಣವಾದ ಮೇಲೆ ನಿರ್ಧಾರವನ್ನೂ ಅದರ ಕಾರಣಗಳನ್ನೂ ಬಹಿರಂಗಪಡಿಸಬೇಕು ಎಂದೂ ಅದರಲ್ಲೇ ಇದೆ, ಭದ್ರತೆಯ ವಿನಾಯಿತಿಗೆ ಒಳಪಟ್ಟು. 1962ರ ಸೋಲಿನ ಬಗ್ಗೆ ಸೇನೆಯೇ ನಡೆಸಿದ ಹೆಂಡರ್ಸನ್ ಬ್ರೂಕ್ಸ್ ವಿಚಾರಣೆಯ ವರದಿಯನ್ನು ಸರ್ಕಾರ ಅರವತ್ತು ವರ್ಷಗಳ ನಂತರವೂ ಪ್ರಕಟಿಸಿಲ್ಲ. ಗುಟ್ಟು ಸಲಹೆಗಾರನ ಧೈರ್ಯವನ್ನು ಕಾಯಲಿ ಎಂದು ಇಟ್ಟದ್ದು. ಬಹುಕಾಲ ಹಾಗೆಯೇ ಇಟ್ಟರೆ ಅದು ಕಾಯುವುದು ಅವನ ಅಂಜಿಕೆಯನ್ನು. ಮುಂದೊಂದು ದಿನ ಮೊಮ್ಮಕ್ಕಳು ಓದುತ್ತಾರೆ ಎಂಬ ಅರಿವಿದ್ದರೆ ಟಿಪ್ಪಣಿ ಬರೆಯುವ ಕೈ ಬೇರೆ ಥರ ಬರೆಯುತ್ತದೆ.

ಕಾನೂನು ಮುಟ್ಟದ ಕಡೆ ನಾವು ಕೇಳಬಹುದಾದ್ದು ಬಹಳವಿಲ್ಲ. ಯುದ್ಧದ ಪರ ಸಲಹೆ ಕೊಡುವವನು ಅದನ್ನು ತನ್ನ ಹೆಸರಿನಲ್ಲಿ, ಕಾರಣ ಸಹಿತ, ಬರೆದು ಕೊಡಲಿ. ಅನುಮಾನಗಳಿದ್ದರೆ ಅವೂ ಅದೇ ಹಾಳೆಯಲ್ಲಿರಲಿ. ಯಾರು ಸಾಯಬಹುದು ಎಂಬುದನ್ನು, ಎಷ್ಟು ಜನ ಎಂಬುದರ ಜೊತೆಗೆ, ಎಲ್ಲಿಯವರು ಎಂದೂ ಬರೆಯಲಿ. 2022ರ ಫೆಬ್ರವರಿಯಲ್ಲಿ ಯುಕ್ರೇನಿನಲ್ಲಿ ಭಾರತದ ಸುಮಾರು ಇಪ್ಪತ್ತು ಸಾವಿರ ಜನರಿದ್ದರು, ಬಹುಪಾಲು ವಿದ್ಯಾರ್ಥಿಗಳು. ಎರಡು ಮೂರು ವೈದ್ಯಕೀಯ ಕಾಲೇಜಿರುವ ನಮ್ಮ ಜಿಲ್ಲೆಗಳಿಂದಲೂ ಸೀಟಿನ ಬೆಲೆಗೆ ಅಂಜಿ ಅಷ್ಟು ದೂರ ಹೋದ ಮಕ್ಕಳವರು. ಖಾರ್ಕಿವ್ ಎಂದರೆ ಗಡಿಯಿಂದ ಮೂವತ್ತು ನಲವತ್ತು ಕಿಲೋಮೀಟರು ದೂರದ, ಕಾಲೇಜುಗಳ ಊರು. ಅದು ಬೇಹುಗಾರಿಕೆಯ ಮುಖ್ಯಸ್ಥನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅಂದು ಆ ಸಭಾಂಗಣದಲ್ಲಿ ಮಾತನಾಡಿದವರ ಪೈಕಿ ಯಾರೂ ಆ ಊರಿನ ಅಂಗಡಿಗಳ ಮುಂದೆ ಸರದಿ ನಿಲ್ಲುವವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಂಥ ಮಾತು ಆಡಿದ್ದರೆ ಯುದ್ಧ ನಿಲ್ಲುತ್ತಿತ್ತೆಂದು ಹೇಳಲಾಗದು. ಆದರೆ ಆಡಬೇಕಾಗಿದ್ದುದು ಅವರ ಕೆಲಸವಾಗಿತ್ತು, ಮತ್ತು ಆಡದೆ ಉಳಿದದ್ದು ಅವರ ಪಾಲು.